ಮುಧೋಳದ ಝೆರಾಕ್ಸ್ ಅಂಗಡಿ: ಶಿಕ್ಷಕರ ಕ್ಷೇತ್ರದ ಅರ್ಜಿ ತುಂಬಿಸೋಕೆ ನಾನು ಹೋಗುವ ಜಾಗ

ಮುಧೋಳದ ತಹಶೀಲ್ದಾರ್ ಕಚೇರಿ ಕಡೆ ಝೆರಾಕ್ಸ್ ಅಂಗಡಿಗಳಿಗೆ ಬರವಿಲ್ಲ. ನಾನು ಬರೆಯುತ್ತಿರುವುದು ಅವುಗಳಲ್ಲಿ ಒಂದರ ಬಗ್ಗೆ. ಬೋರ್ಡಿನ ಅಕ್ಷರ ಬಿಸಿಲಿಗೆ ಮಾಸಿಹೋಗಿದೆ, ಹೆಸರು ಓದಲು ಬರುವುದಿಲ್ಲ. ಹೊರಗೆ ಹಸಿರು ಬಣ್ಣದ ಕಟ್ಟಿಗೆ ಬೆಂಚು ಇದೆ. ಒಳಗೆ ಎರಡು ಝೆರಾಕ್ಸ್ ಮಷೀನು, ಒಂದು ಕಂಪ್ಯೂಟರು, ಲ್ಯಾಮಿನೇಷನ್ ಯಂತ್ರ, ಗೋಡೆಗೆ ಒಂದು ಬಿಳಿ ಪರದೆ. ಪಾಸ್‌ಪೋರ್ಟ್ ಫೋಟೊ ಆ ಪರದೆ ಮುಂದೆಯೇ ತೆಗೆಯುತ್ತಾರೆ. ಅಂಗಡಿಯವರನ್ನು ಎಲ್ಲರೂ ಝೆರಾಕ್ಸ್ ಮಾಸ್ತರ ಅಂತಲೇ ಕರೆಯುತ್ತಾರೆ. ಟಿಸಿಎಚ್, ಅಂದರೆ ಶಿಕ್ಷಕರ ತರಬೇತಿ, ಮುಗಿಸಿದವರು. ನೌಕರಿ ಸಿಗಲಿಲ್ಲ, ಅಂಗಡಿ ಹಾಕಿದರು.

ನಾನು ಈ ತಾಲ್ಲೂಕಿನ ಒಂದು ಅನುದಾನಿತ ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಣ ಶಿಕ್ಷಕಿ. ತವರು ಇಂಡಿ ಕಡೆ. ಮದುವೆಯಾಗಿ ಇಲ್ಲಿಗೆ ಬಂದೆ. ಮಕ್ಕಳು ಪಿಟಿ ಮೇಡಂ ಅನ್ನುತ್ತಾರೆ, ಊರವರು ಅಕ್ಕೋರು ಅನ್ನುತ್ತಾರೆ. ಮಾರ್ಕ್ಸ್ ಕಾರ್ಡು, ರಜೆ ಅರ್ಜಿ, ಕ್ರೀಡಾಕೂಟದ ಪ್ರಮಾಣಪತ್ರ, ಎಲ್ಲಕ್ಕೂ ಇದೇ ಅಂಗಡಿ. ಆದರೆ ಇಷ್ಟು ಉದ್ದ ಬರೆಯಲು ಕಾರಣ ಬೇರೆ. ವಿಧಾನ ಪರಿಷತ್ತಿಗೆ ಶಿಕ್ಷಕರೇ ಮತ ಹಾಕಿ ಸದಸ್ಯರನ್ನು ಆರಿಸುವ ಶಿಕ್ಷಕರ ಕ್ಷೇತ್ರಕ್ಕೆ ಮತದಾರರಾಗಿ ಹೆಸರು ಸೇರಿಸುವ ಕೆಲಸವನ್ನು ಇಷ್ಟು ಚೆನ್ನಾಗಿ ಗೊತ್ತುಮಾಡಿಕೊಂಡು ಮಾಡಿಕೊಡುವ ಜಾಗ ಈ ಊರಿನಲ್ಲಿ ನಾನು ಬೇರೆ ನೋಡಿಲ್ಲ.

ಮೊದಲು ವಿಷಯ ಹೇಳುತ್ತೇನೆ. ಎಷ್ಟೋ ಶಿಕ್ಷಕರಿಗೇ ಇದು ಗೊತ್ತಿಲ್ಲ. ವಿಧಾನಸಭೆಗೆ ಇರುವ ನಿಮ್ಮ ವೋಟರ್ ಕಾರ್ಡು ಇಲ್ಲಿ ಗುರುತಿಗೆ ಮಾತ್ರ ಬರುತ್ತದೆ. ಶಿಕ್ಷಕರ ಕ್ಷೇತ್ರದ ಪಟ್ಟಿಯೇ ಬೇರೆ. ಅದನ್ನು ಪ್ರತಿ ಚುನಾವಣೆಗೂ ಹೊಸದಾಗಿ ಮಾಡುತ್ತಾರೆ. ಹೋದ ಸಲ ನಿಮ್ಮ ಹೆಸರು ಇತ್ತು ಎಂದು ಈ ಸಲ ಸುಮ್ನೆ ಕೂತರೆ ಮತ ಹೋಯಿತು. ನಮೂನೆ 19 ತುಂಬಿ ಕೊಡಬೇಕು. ಹಿಂದಿನ ಆರು ವರ್ಷಗಳಲ್ಲಿ ಒಟ್ಟು ಮೂರು ವರ್ಷ ಹೈಸ್ಕೂಲು ಅಥವಾ ಅದಕ್ಕಿಂತ ಮೇಲಿನ ಸಂಸ್ಥೆಯಲ್ಲಿ ಪಾಠ ಮಾಡಿರಬೇಕು. ಅದಕ್ಕೆ ಸಂಸ್ಥೆಯ ಮುಖ್ಯಸ್ಥರ ಪ್ರಮಾಣಪತ್ರ ಬೇಕು. ಲೆಕ್ಕ ಹಿಡಿಯುವುದು ಚುನಾವಣೆಗೆ ಮುಂಚಿನ ನವೆಂಬರ್ 1ನೇ ತಾರೀಖಿಗೆ. ಇತ್ತೀಚೆಗೆ ನಿವೃತ್ತರಾದವರೂ ಈ ಲೆಕ್ಕಕ್ಕೆ ಬಂದರೆ ಮತದಾರರೇ. ನಿವೃತ್ತಿಯಾಯಿತು ಎಂದು ಬಿಟ್ಟುಬಿಡಬೇಡಿ.

ನಮ್ಮದು ವಾಯವ್ಯ ಶಿಕ್ಷಕರ ಕ್ಷೇತ್ರ. ಬೆಳಗಾವಿ, ವಿಜಯಪುರ, ಬಾಗಲಕೋಟೆ, ಮೂರು ಜಿಲ್ಲೆ ಸೇರಿ ಒಂದೇ ಸೀಟು. ಹಿಂದಿನ ಚುನಾವಣೆ 2022ರ ಜೂನ್ 13ರಂದು ನಡೆಯಿತು. ಹಾಗಾಗಿ 2021ರ ನವೆಂಬರ್‌ ಹೊತ್ತಿಗೆ ಅರ್ಜಿ ಕೊಡಬೇಕಿತ್ತು. ಆ ವರ್ಷ ನವೆಂಬರ್ ಮೊದಲ ವಾರದಲ್ಲೇ ದೀಪಾವಳಿ. ಕೊರೊನಾ ಮುಗಿದು ಶಾಲೆ ಆಗಷ್ಟೇ ಸರಿಯಾಗಿ ಶುರುವಾಗಿತ್ತು. ಮಕ್ಕಳಿಗೆ ಸಾಲಿನಲ್ಲಿ ನಿಲ್ಲುವುದೇ ಮರೆತುಹೋಗಿತ್ತು. ಇಂಥ ಹೊತ್ತಿನಲ್ಲಿ ಯಾರಿಗೆ ಪರಿಷತ್ತಿನ ಮತದ ನೆನಪು ಇರುತ್ತದೆ?

ನಾನು ಅಂಗಡಿಗೆ ಹೋಗಿದ್ದು ಒಂದು ಆಧಾರ್ ಝೆರಾಕ್ಸಿಗೆ. ಸಹೋದ್ಯೋಗಿಯೊಬ್ಬರು ಒಂದು ಅರ್ಜಿ ಕೊಟ್ಟು, ಇದನ್ನು ತುಂಬಿ ಕೊಡಿ ಎಂದಿದ್ದರು. ಅದು ನನ್ನ ಕೈಯಲ್ಲಿತ್ತು. ಮಾಸ್ತರ ಅದನ್ನು ನೋಡಿದರು.

"ಅಕ್ಕೋರ, ಸ್ವಲ್ಪ ನಿಂದರ್ರಿ. ಇದು ಹದಿನೆಂಟು ಐತಿ. ಪದವೀಧರರದು. ನಿಮಗ ಹತ್ತೊಂಬತ್ತೂ ಬೇಕ್ರಿ."

"ಎರಡೂ ಕೊಡಬಹುದಾ ಕಾಕಾ?"

"ಡಿಗ್ರಿ ಮುಗದು ಮೂರ ವರ್ಷ ಆಗೇತಿಲ್ರಿ? ಮತ್ತ ಎರಡೂ ಕೊಡ್ರಿ. ಎರಡೂ ಬ್ಯಾರೆ ಬ್ಯಾರೆ ಪಟ್ಟಿ, ಎರಡೂ ನಿಮ್ಮ ಹಕ್ಕು."

ನಿಜ. ಪದವೀಧರರ ಕ್ಷೇತ್ರಕ್ಕೂ 2022ರಲ್ಲೇ ಚುನಾವಣೆ ಇತ್ತು. ಡಿಗ್ರಿ ಮಾಡಿದ ಹೈಸ್ಕೂಲು ಶಿಕ್ಷಕರಿಗೆ ಎರಡು ಮತ. ನಮೂನೆ 18 ಕೊಟ್ಟು, ಶಿಕ್ಷಕರ ಪಟ್ಟಿಯಲ್ಲೂ ಹೆಸರು ಬಂತು ಅಂದುಕೊಂಡವರು ನಮ್ಮ ಶಾಲೆಯಲ್ಲೇ ಇದ್ದರು. ಮಾರನೇ ದಿನ ಸ್ಟಾಫ್ ರೂಮಿಗೆ ಹೋಗಿ ಅವರಿಗೆಲ್ಲ ಹೇಳಿದೆ. ಕೆಲವರು ಅಂದೇ ಸಂಜೆ ಅಂಗಡಿಗೆ ಓಡಿದರು.

ನನ್ನ ಅರ್ಜಿಯಲ್ಲಿ ಹೆಸರಿನ ತೊಡಕು ಇತ್ತು. ಸರ್ವಿಸ್ ರಿಜಿಸ್ಟರಿನಲ್ಲಿ ತಂದೆಯ ಹೆಸರು, ವೋಟರ್ ಕಾರ್ಡಿನಲ್ಲಿ ಗಂಡನ ಹೆಸರು. ಮದುವೆಯ ನಂತರ ಅಡ್ಡಹೆಸರೂ ಬೇರೆಯಾಗಿದೆ. ಹೆಣ್ಣುಮಕ್ಕಳಿಗೆ ಈ ಕಿರಿಕಿರಿ ಎಲ್ಲ ಕಚೇರಿಯಲ್ಲೂ ಇದ್ದದ್ದೇ. ಮಾಸ್ತರ ಎರಡೂ ಕಾಗದ ಪಕ್ಕಪಕ್ಕ ಇಟ್ಟು ನೋಡಿದರು. ಅರ್ಜಿಯಲ್ಲಿ ಯಾವ ಹೆಸರು ಬರೆಯಬೇಕು, ಹೆಡ್‌ಮಾಸ್ತರರ ಪ್ರಮಾಣಪತ್ರದಲ್ಲೂ ಅದೇ ಹೆಸರು ಹೇಗೆ ಬರಬೇಕು, ಎರಡು ಹೆಸರೂ ಒಬ್ಬರದೇ ಎಂದು ತೋರಿಸಲು ಯಾವ ಕಾಗದ ಜೊತೆಗೆ ಇಡಬೇಕು ಎಂದು ಒಂದು ಚೀಟಿಯಲ್ಲಿ ಬರೆದುಕೊಟ್ಟರು. ಆ ಚೀಟಿಗೆ ದುಡ್ಡು ತೆಗೆದುಕೊಳ್ಳಲಿಲ್ಲ. ಝೆರಾಕ್ಸ್ ಪುಟಕ್ಕೆ ಎರಡು ರೂಪಾಯಿ, ಅರ್ಜಿ ತುಂಬಿಸಿದ್ದಕ್ಕೆ ಇಪ್ಪತ್ತು. ಅಷ್ಟೇ ಬಿಲ್ಲು.

ಇನ್ನೊಂದು ಒಳ್ಳೆಯ ವಿಷಯ ಹೇಳಲೇಬೇಕು. "ನೀವು ಸಹಿ ಮಾಡಿ ಇಟ್ಟು ಹೋಗಿ, ಎಲ್ಲರದ್ದೂ ಸೇರಿಸಿ ನಾನೇ ಕೊಟ್ಟು ಬರುತ್ತೇನೆ" ಎಂದು ಹೇಳುವ ಜನ ಆ ದಿನಗಳಲ್ಲಿ ಜಾಸ್ತಿ ಇದ್ದರು. ಅದು ನಡೆಯುವುದಿಲ್ಲ. ಗಂಟು ಕಟ್ಟಿ ತಂದ ಅರ್ಜಿಗಳನ್ನು ತೆಗೆದುಕೊಳ್ಳಬಾರದು ಎಂದೇ ನಿಯಮ. ಒಬ್ಬರು ತಮ್ಮದು ಕೊಡಬಹುದು, ಒಂದೇ ಮನೆಯವರದ್ದು ಕೊಡಬಹುದು. ಸಂಸ್ಥೆಯ ಮುಖ್ಯಸ್ಥರು ತಮ್ಮ ಸಿಬ್ಬಂದಿಯ ಅರ್ಜಿಗಳನ್ನು ಒಟ್ಟಿಗೆ ಕಳಿಸಬಹುದು. ಮಾಸ್ತರ ಯಾರ ಅರ್ಜಿಯನ್ನೂ ಇಟ್ಟುಕೊಳ್ಳಲಿಲ್ಲ. ನೀವೇ ಒಳಗೆ ಹೋಗಿ ಕೊಡಿ, ಸ್ವೀಕೃತಿ ತೆಗೆದುಕೊಳ್ಳಿ, ಅದರ ಒಂದು ಝೆರಾಕ್ಸ್ ಮಾಡಿಸಿ ಇಟ್ಟುಕೊಳ್ಳಿ ಎಂದು ಪ್ರತಿಯೊಬ್ಬರಿಗೂ ಹೇಳುತ್ತಿದ್ದರು. ಒಮ್ಮೆ ಯಾರೋ ಒಬ್ಬರು ಬೆಂಚಿನ ಮೇಲೆ ಕೂತು, ಬಂದ ಶಿಕ್ಷಕರ ಫೋನ್ ನಂಬರನ್ನು ಅರ್ಜಿ ನೋಡಿ ಬರೆದುಕೊಳ್ಳತೊಡಗಿದ್ದರು. ಮಾಸ್ತರ ಎದ್ದು ಹೊರಗೆ ಬಂದು, "ಈ ಕೆಲಸಾ ಬ್ಯಾರೆ ಕಡೆ ಮಾಡ್ರಿ ಸಾಹೇಬ್ರ" ಎಂದು ಕಳಿಸಿಬಿಟ್ಟರು. ನನಗೆ ಅವರ ಮೇಲೆ ಗೌರವ ಹುಟ್ಟಿದ್ದು ಅಲ್ಲಿ.

ಈಗ ಗೋಡೆಯ ವಿಷಯ. ಅಂಗಡಿಯ ಗೋಡೆ ಮೇಲೆ ಒಂದು ಮಾದರಿ ಮತಪತ್ರ ಅಂಟಿಸಿದ್ದರು. ಅಭ್ಯರ್ಥಿಗಳ ಹೆಸರಿನ ಜಾಗದಲ್ಲಿ ಬೇವು, ಹುಣಸೆ, ಆಲ, ಜಾಲಿ ಎಂದು ಗಿಡಗಳ ಹೆಸರು. ಹುಣಸೆ ಮುಂದೆ 1, ಬೇವಿನ ಮುಂದೆ 2, ಆಲದ ಮುಂದೆ 3. ಕೆಳಗೆ ದಪ್ಪಕ್ಷರದಲ್ಲಿ: ಟಿಕ್ ಹಾಕಬೇಡಿ, ಅಕ್ಷರದಲ್ಲಿ ಒಂದು ಎಂದು ಬರೆಯಬೇಡಿ, ಸಹಿ ಮಾಡಬೇಡಿ, ಅಲ್ಲಿ ಕೊಟ್ಟ ನೇರಳೆ ಪೆನ್ನೇ ಬಳಸಿ.

ಇಲ್ಲಿ ಇವಿಎಂ ಇಲ್ಲ, ಕಾಗದದ ಮತಪತ್ರ. ನಮ್ಮ ಮೆಚ್ಚಿಕೆಯ ಕ್ರಮದಲ್ಲಿ ಅಂಕಿ ಹಾಕಬೇಕು. ಸಿಂಧುವಾದ ಮತಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಬಂದವರು ಗೆಲ್ಲುತ್ತಾರೆ. ಮೊದಲ ಸುತ್ತಿನಲ್ಲಿ ಯಾರಿಗೂ ಅಷ್ಟು ಬರದಿದ್ದರೆ, ಎಲ್ಲರಿಗಿಂತ ಕಡಿಮೆ ಬಂದವರನ್ನು ತೆಗೆದು, ಅವರ ಮತಪತ್ರಗಳಲ್ಲಿ 2 ಎಂದು ಯಾರಿಗೆ ಹಾಕಿದ್ದಾರೋ ಅವರಿಗೆ ಆ ಮತ ಸೇರಿಸುತ್ತಾರೆ. 1 ಎಂಬ ಅಂಕಿಯೇ ಇಲ್ಲದಿದ್ದರೆ ಅಥವಾ ಅದನ್ನು ಇಬ್ಬರಿಗೆ ಹಾಕಿದ್ದರೆ ಮತ ಕುಲಗೆಟ್ಟಿತು. ಮಕ್ಕಳ ಉತ್ತರ ಪತ್ರಿಕೆ ತಿದ್ದುವ ನಾವೇ ಟಿಕ್ ಹಾಕಿ ಮತ ಹಾಳು ಮಾಡಿಕೊಂಡರೆ ಎಷ್ಟು ಬೇಜಾರು ಅಲ್ವಾ? ಟಿಕ್ ಹಾಕುವ ಅಭ್ಯಾಸವೂ ನಮಗೇ ಜಾಸ್ತಿ. ಆ ಹಾಳೆಯ ಒಂದು ಝೆರಾಕ್ಸ್ ತೆಗೆಸಿಕೊಂಡು ನಮ್ಮ ಸ್ಟಾಫ್ ರೂಮಿನಲ್ಲೂ ಅಂಟಿಸಿದೆ.

ಮಾಸ್ತರ ಇಷ್ಟೆಲ್ಲ ಯಾಕೆ ಮಾಡುತ್ತಾರೆ? ನಾನು ಕೇಳಿಯೇ ಬಿಟ್ಟೆ. ಅವರು ಹೇಳಿದ್ದು ಒಂದೇ ಹೆಸರು. "ನಮ್ಮ ಯಡಹಳ್ಳಿ ಹೊರಟ್ಟಿಯವರು ಪಿಟಿ ಮಾಸ್ತರ ಇದ್ದವ್ರು. ಮಾಸ್ತರ್ ಮಂದಿ ಹೆಸರ ಹಚ್ಚಿದ್ರು, ಓಟ ಹಾಕಿದ್ರು, ಅಷ್ಟ ಎತ್ತರಕ್ಕ ಹೋದ್ರು. ಹೆಸರ ಹಚ್ಚಲಿಲ್ಲಂದ್ರ ಯಾರ್ ಹೋಗ್ತಾರ್ರಿ?"

ಪಿಟಿ ಮಾಸ್ತರ ಎಂದಾಗ ನನ್ನ ಕಿವಿ ನೆಟ್ಟಗಾಯಿತು. ಬಸವರಾಜ ಹೊರಟ್ಟಿ ಎಂಬ ಹೆಸರು ಯಾವ ಶಿಕ್ಷಕರಿಗೆ ಗೊತ್ತಿಲ್ಲ? ವಿಧಾನ ಪರಿಷತ್ತಿನ ಸಭಾಪತಿ ಎಂದು ಟಿವಿಯಲ್ಲಿ ನೋಡಿರುತ್ತೇವೆ. ಆದರೆ ಅವರು ಹುಟ್ಟಿದ್ದು 1946ರಲ್ಲಿ, ಇದೇ ಮುಧೋಳ ತಾಲ್ಲೂಕಿನ ಯಡಹಳ್ಳಿಯಲ್ಲಿ ಎನ್ನುವುದು ನಮ್ಮ ಶಾಲೆಯ ಮಕ್ಕಳಿಗೆ ಗೊತ್ತಿರಲಿಲ್ಲ. ಹುಬ್ಬಳ್ಳಿಯ ಲ್ಯಾಮಿಂಗ್ಟನ್ ಶಾಲೆಯಲ್ಲಿ ಅವರು ದೈಹಿಕ ಶಿಕ್ಷಣ ಶಿಕ್ಷಕರಾಗಿದ್ದರು. ಅಂದರೆ ಸೀಟಿ ಊದಿ, ಮೈದಾನಕ್ಕೆ ಸುಣ್ಣದ ಗೆರೆ ಹಾಕಿ, ಮಕ್ಕಳನ್ನು ಸಾಲು ನಿಲ್ಲಿಸುವ ನನ್ನದೇ ಕೆಲಸ. ಶಾಲೆಯಲ್ಲಿ ಪಿಟಿ ಪಿರಿಯಡ್ ಎಂದರೆ ಗಣಿತದವರು, ವಿಜ್ಞಾನದವರು ಕೇಳಿ ಇಸಿದುಕೊಳ್ಳುವ ಪಿರಿಯಡ್. ಎಸ್ಎಸ್ಎಲ್‌ಸಿ ಹತ್ತಿರ ಬಂದರೆ ನಮ್ಮ ತರಗತಿಯೇ ಇರುವುದಿಲ್ಲ. ಶಾಲೆಯ ಸಭೆಗಳಲ್ಲಿ ನಮ್ಮ ಅಭಿಪ್ರಾಯ ಕೇಳುವುದು ಕಡೆಗೆ. ಅಂಥ ಹುದ್ದೆಯಿಂದ ಹೊರಟವರು 1980ರಲ್ಲಿ ಪಶ್ಚಿಮ ಶಿಕ್ಷಕರ ಕ್ಷೇತ್ರದಿಂದ ವಿಧಾನ ಪರಿಷತ್ತಿಗೆ ಆರಿಸಿ ಹೋದರು. ಆಮೇಲೆ ಆರಾರು ವರ್ಷಕ್ಕೆ ಒಂದೊಂದು ಚುನಾವಣೆ. 2022ರಲ್ಲಿ ಗೆದ್ದಿದ್ದು ಸತತ ಎಂಟನೇ ಸಲ.

ಇದನ್ನು ನಾನು ಮಕ್ಕಳಿಗೆ ಹೇಳುತ್ತೇನೆ. ಖೊ ಖೊ ಅಭ್ಯಾಸ ಮುಗಿಸಿ ನೀರು ಕುಡಿಯಲು ಕೂತಾಗ ಹೇಳಿದರೆ ಅವರು ಚೆನ್ನಾಗಿ ಕೇಳಿಸಿಕೊಳ್ಳುತ್ತಾರೆ.

2006ರಲ್ಲಿ ಕುಮಾರಸ್ವಾಮಿ ಅವರ ಸರ್ಕಾರದಲ್ಲಿ ಹೊರಟ್ಟಿಯವರು ಪ್ರಾಥಮಿಕ ಮತ್ತು ಪ್ರೌಢ ಶಿಕ್ಷಣ ಸಚಿವರಾದರು. ಶಿಕ್ಷಕರೊಬ್ಬರು ಶಿಕ್ಷಣ ಇಲಾಖೆಯ ಕುರ್ಚಿಯಲ್ಲಿ ಕೂತರೆ ಏನಾಗುತ್ತದೆ ಎಂದು ನೋಡಲು ಆ ಕಾಲ ನೆನೆಸಿಕೊಳ್ಳಬೇಕು. ಕನ್ನಡ ಮಾಧ್ಯಮಕ್ಕೆ ಅನುಮತಿ ಪಡೆದು ಇಂಗ್ಲಿಷ್ ಮಾಧ್ಯಮದಲ್ಲಿ ಪಾಠ ನಡೆಸುತ್ತಿದ್ದ ಎರಡು ಸಾವಿರಕ್ಕೂ ಹೆಚ್ಚು ಶಾಲೆಗಳ ಮಾನ್ಯತೆಯನ್ನು ಸರ್ಕಾರ ಆಗ ಹಿಂತೆಗೆದುಕೊಂಡಿತು. ದೊಡ್ಡ ಗದ್ದಲವಾಯಿತು. ಮಾಧ್ಯಮದ ಜಗಳ ಕೋರ್ಟುಗಳಲ್ಲಿ ವರ್ಷಗಟ್ಟಲೆ ನಡೆಯಿತು. 2014ರಲ್ಲಿ ಸುಪ್ರೀಂ ಕೋರ್ಟು ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲ ಎಂದಿತು. ಕೋರ್ಟು ಏನೇ ಹೇಳಲಿ, ಅನುಮತಿ ಒಂದಕ್ಕೆ ಪಡೆದು ಪಾಠ ಇನ್ನೊಂದರಲ್ಲಿ ಮಾಡುವುದು ತಪ್ಪು ಎಂದೇ ನಾನು ಈಗಲೂ ಅನ್ನುತ್ತೇನೆ. ನಮ್ಮದು ಕನ್ನಡ ಮಾಧ್ಯಮದ ಶಾಲೆ. ಸುತ್ತ ಎಷ್ಟು ಇಂಗ್ಲಿಷ್ ಮಾಧ್ಯಮದ ಶಾಲೆಗಳ ಬೋರ್ಡು ಎದ್ದವು, ನಮ್ಮ ಎಂಟನೇ ತರಗತಿಗೆ ಎಷ್ಟು ಮಕ್ಕಳು ಕಡಿಮೆಯಾದರು ಎಂದು ನಮಗೆ ಗೊತ್ತು.

ಅನುದಾನಿತ ಶಾಲೆಯವರಿಗೆ ಹೊರಟ್ಟಿಯವರ ಹೆಸರು ಇನ್ನೊಂದು ಕಾರಣಕ್ಕೂ ಗೊತ್ತು. ಕಾಲ್ಪನಿಕ ವೇತನ. ಶಾಲೆ ಅನುದಾನಕ್ಕೆ ಬರುವ ಮುಂಚೆ ವರ್ಷಗಟ್ಟಲೆ ದುಡಿದಿರುತ್ತೇವೆ. ಆ ವರ್ಷಗಳನ್ನು ಸಂಬಳದ ಲೆಕ್ಕಕ್ಕೆ ಹಿಡಿಯಬೇಕು ಎನ್ನುವುದು ನಮ್ಮ ಹಳೆಯ ಬೇಡಿಕೆ. ಇದಕ್ಕಾಗಿ ಅವರ ನೇತೃತ್ವದಲ್ಲಿ ಒಂದು ಸಮಿತಿ ಆಯಿತು, ವರದಿ ಬಂತು. ಪ್ರತಿ ವರ್ಷ ಬೆಳಗಾವಿಯಲ್ಲಿ ಚಳಿಗಾಲದ ಅಧಿವೇಶನ ಬಂದಾಗ ಸುವರ್ಣ ವಿಧಾನಸೌಧದ ಹತ್ತಿರ ಶಿಕ್ಷಕರು ಧರಣಿ ಕೂರುತ್ತಾರಲ್ಲ, ಅವರ ಬ್ಯಾನರುಗಳಲ್ಲಿ ಕಾಲ್ಪನಿಕ ವೇತನ, ಹಳೆ ಪಿಂಚಣಿ, 1995ರ ನಂತರ ಶುರುವಾದ ಶಾಲೆಗಳಿಗೆ ಅನುದಾನ, ಈ ಮಾತುಗಳು ಇದ್ದೇ ಇರುತ್ತವೆ. ಹೊರಗೆ ಚಳಿಯಲ್ಲಿ ಕೂತ ಈ ಜನರ ಮಾತನ್ನು ಒಳಗೆ ಎದ್ದು ನಿಂತು ಹೇಳಲು ಯಾರಾದರೂ ಬೇಕು. 75 ಜನರ ಪರಿಷತ್ತಿನಲ್ಲಿ ಶಿಕ್ಷಕರ ಕ್ಷೇತ್ರದಿಂದ ಬರುವವರು 7 ಜನ. ಅಷ್ಟೇ.

2021ರ ಫೆಬ್ರವರಿಯಲ್ಲಿ ಹೊರಟ್ಟಿಯವರು ಸಭಾಪತಿಯಾದರು. 2022ರಲ್ಲಿ ಆ ಸ್ಥಾನ ಬಿಟ್ಟು, ಜೆಡಿಎಸ್ ಬಿಟ್ಟು ಬಿಜೆಪಿ ಸೇರಿ ಮತ್ತೆ ಚುನಾವಣೆಗೆ ನಿಂತರು. ನಮ್ಮ ಸ್ಟಾಫ್ ರೂಮಿನಲ್ಲಿ ಜೋರು ಮಾತಾಯಿತು. ಪಕ್ಷ ಬಿಟ್ಟದ್ದು ನನಗೂ ಸರಿ ಕಾಣಲಿಲ್ಲ. ಪರಿಷತ್ತಿನಲ್ಲಿ ಶಿಕ್ಷಕರ ಸೀಟು ಪಕ್ಷಕ್ಕಿಂತ ದೊಡ್ಡದಾಗಿರಬೇಕು ಎಂದು ನನ್ನ ಆಸೆ. ಆದರೂ ಅವರ ಕ್ಷೇತ್ರದ ಶಿಕ್ಷಕರು ಗೆಲ್ಲಿಸಿದರು. ಎದುರಿಗೆ ಇದ್ದವರು ಕಾಂಗ್ರೆಸ್ಸಿನ ಬಸವರಾಜ ಗುರಿಕಾರ. ಪ್ರಾಥಮಿಕ ಶಾಲಾ ಶಿಕ್ಷಕರ ಸಂಘಟನೆಯಲ್ಲಿ ಹೆಸರು ಮಾಡಿದವರು ಅವರು. ಅದೇ ವರ್ಷ ಡಿಸೆಂಬರಿನಲ್ಲಿ, ಬೆಳಗಾವಿಯ ಅಧಿವೇಶನದಲ್ಲೇ, ಹೊರಟ್ಟಿಯವರು ಮತ್ತೆ ಸಭಾಪತಿಯಾಗಿ ಅವಿರೋಧವಾಗಿ ಆಯ್ಕೆಯಾದರು. ಹುಟ್ಟೂರಿಗೆ ಹತ್ತಿರವಿರುವ ಸದನದಲ್ಲಿ ಆ ಕುರ್ಚಿ ಸಿಕ್ಕಿತಲ್ಲ ಎಂದು ನನಗೆ ಬಹಳ ಖುಷಿಯಾಯಿತು.

ಒಂದು ಕೊರಗು ಇದೆ. ಅವರ ಕ್ಷೇತ್ರ ಧಾರವಾಡ, ಗದಗ, ಹಾವೇರಿ, ಉತ್ತರ ಕನ್ನಡ. ಮುಧೋಳದ ಶಿಕ್ಷಕರ ಮತ ಅವರಿಗೆ ಇಲ್ಲವೇ ಇಲ್ಲ. ನಮ್ಮ ವಾಯವ್ಯ ಕ್ಷೇತ್ರದಲ್ಲಿ 2022ರಲ್ಲಿ ಗೆದ್ದವರು ಕಾಂಗ್ರೆಸ್ಸಿನ ಪ್ರಕಾಶ ಹುಕ್ಕೇರಿ. ಚಿಕ್ಕೋಡಿಯ ಸಂಸದರಾಗಿದ್ದವರು, ದೊಡ್ಡ ರಾಜಕೀಯ ಅನುಭವ ಇರುವವರು. ಶಿಕ್ಷಕರ ಕ್ಷೇತ್ರದಿಂದ ನಿಲ್ಲಲು ಶಿಕ್ಷಕರೇ ಆಗಿರಬೇಕು ಎಂದು ಕಾನೂನಿನಲ್ಲಿ ಇಲ್ಲ. ಮತದಾರರು ಮಾತ್ರ ಶಿಕ್ಷಕರು. 30 ವರ್ಷ ತುಂಬಿದ, ರಾಜ್ಯದ ಯಾವುದೇ ವಿಧಾನಸಭಾ ಕ್ಷೇತ್ರದ ಪಟ್ಟಿಯಲ್ಲಿ ಹೆಸರಿರುವ ಯಾರೂ ನಿಲ್ಲಬಹುದು. ಸರ್ಕಾರಿ ಶಾಲೆಯವರಿಗೆ ನೌಕರಿ ಬಿಡದೆ ನಿಲ್ಲಲು ಬರುವುದಿಲ್ಲ. ಸಂಬಳ ಬಿಟ್ಟು, ಮೂರು ಜಿಲ್ಲೆ ಸುತ್ತಿ ಚುನಾವಣೆ ಮಾಡುವ ಶಕ್ತಿ ಎಷ್ಟು ಶಿಕ್ಷಕರಿಗಿದೆ? ಅಥಣಿಯಿಂದ ಹುನಗುಂದದವರೆಗೆ, ಖಾನಾಪುರದಿಂದ ಸಿಂದಗಿವರೆಗೆ ಒಂದೇ ಕ್ಷೇತ್ರ. ನಮ್ಮ ಕಡೆಯಿಂದಲೂ ಪಾಠ ಮಾಡಿದ ಕೈಯೇ ಆ ಸದನಕ್ಕೆ ಹೋಗಬೇಕು, ಹೆಣ್ಣುಮಗಳಾದರೆ ಇನ್ನೂ ಒಳ್ಳೆಯದು. ಇದು ನನ್ನ ಗಟ್ಟಿ ಅಭಿಪ್ರಾಯ. ಅದಕ್ಕೆ ಮೊದಲ ಕೆಲಸ ಪಟ್ಟಿಯಲ್ಲಿ ಹೆಸರು.

ಅಂಗಡಿಯಲ್ಲಿ ನೋಡಿದ ಒಂದು ಸಂಗತಿ ಇನ್ನೂ ಮನಸ್ಸಿನಲ್ಲಿದೆ. ಪ್ರಾಥಮಿಕ ಶಾಲೆಯ ಅಕ್ಕೋರು ಒಬ್ಬರು ಬಂದಿದ್ದರು. ಎರಡು ದಶಕ ಕಳೆದ ಸರ್ವಿಸು. ಫೋಟೊ ತೆಗೆಸಿಕೊಂಡು, ಅರ್ಜಿ ಬರೆಯಿರಿ ಎಂದರು. ಮಾಸ್ತರ ಶಾಲೆಯ ಹೆಸರು ಕೇಳಿದರು. ಕೇಳಿ ಪೆನ್ನು ಕೆಳಗಿಟ್ಟರು.

"ಅಕ್ಕೋರ, ಪ್ರೈಮರಿಯವರಿಗೆ ಈ ಮತಾ ಇಲ್ರಿ. ಹೈಸ್ಕೂಲಿನಿಂದ ಮ್ಯಾಲ ಅಷ್ಟ."

"ಅಂದ್ರ ನಾವು ಶಿಕ್ಷಕರಲ್ಲೇನ್ರಿ?"

ಮಾಸ್ತರ ಏನೂ ಹೇಳಲಿಲ್ಲ. ಅರ್ಜಿಯ ದುಡ್ಡು ವಾಪಸ್ ಕೊಟ್ಟರು. ಡಿಗ್ರಿ ಇದ್ದರೆ ಪದವೀಧರರ ಕ್ಷೇತ್ರಕ್ಕೆ ಕೊಡಬಹುದು ಎಂದು ಹೇಳಿ, ಆ ಅಕ್ಕೋರು ಬಿಎ ಮುಗಿಸಿದ್ದರಿಂದ ನಮೂನೆ 18 ತುಂಬಿಸಿಕೊಟ್ಟರು.

ಸಂವಿಧಾನದ 171ನೇ ವಿಧಿಯಲ್ಲೇ ಇದು ಇದೆ. ಪ್ರೌಢಶಾಲೆಗಿಂತ ಕೆಳಗಿನ ಮಟ್ಟದ ಸಂಸ್ಥೆಯ ಶಿಕ್ಷಕರಿಗೆ ಈ ಮತವಿಲ್ಲ. ಅ ಆ ಇ ಈ ಕಲಿಸುವವರು ಸಂಖ್ಯೆಯಲ್ಲಿ ನಮಗಿಂತ ಎಷ್ಟೋ ಜಾಸ್ತಿ. ಅವರು ಕಲಿಸಿ ಕಳಿಸಿದ ಮಕ್ಕಳೇ ನಮ್ಮ ಬಳಿ ಬರುವುದು. ಆ ಅಕ್ಕೋರ ಪ್ರಶ್ನೆಗೆ ನನ್ನ ಹತ್ತಿರವೂ ಉತ್ತರ ಇರಲಿಲ್ಲ. ಇದು ಬದಲಾಗಬೇಕು. ಹೈಸ್ಕೂಲಿನ ನಾವು ಮತ ಇರುವವರು, ಆ ಮಾತನ್ನು ನಾವೇ ಎತ್ತಬೇಕು.

ಖಾಸಗಿ ಶಾಲೆಯ ಒಬ್ಬ ಹುಡುಗನದು ಬೇರೆ ಕಥೆ. ಮಾನ್ಯತೆ ಇರುವ ಅನುದಾನರಹಿತ ಹೈಸ್ಕೂಲು, ನಾಲ್ಕು ವರ್ಷ ಪಾಠ ಮಾಡಿದ್ದಾನೆ. ಆದರೆ ಅವನ ಶಾಲೆಯವರು ಪ್ರಮಾಣಪತ್ರಕ್ಕೆ ಸಹಿ ಮಾಡಲು ಇವತ್ತು ನಾಳೆ ಎಂದು ಓಡಾಡಿಸುತ್ತಿದ್ದರು. ಸಹಿ ಕೊಟ್ಟರೆ ಇಷ್ಟು ವರ್ಷ ಇಲ್ಲಿ ದುಡಿದ ಎನ್ನುವುದಕ್ಕೆ ದಾಖಲೆಯಾಗುತ್ತದೆ ಎಂಬ ಭಯ ಇದ್ದೀತು. ಮಾಸ್ತರ ಅವನಿಗೆ ಕೂತಲ್ಲೇ ಒಂದು ಪತ್ರ ಟೈಪ್ ಮಾಡಿದರು. ಇಂಥ ದಿನಾಂಕದಿಂದ ಇಲ್ಲಿ ಪಾಠ ಮಾಡುತ್ತಿದ್ದೇನೆ, ನಮೂನೆ 19ರ ಜೊತೆ ಕೊಡಲು ಸೇವಾ ಪ್ರಮಾಣಪತ್ರ ಬೇಕು ಎಂದು ನಾಲ್ಕೇ ಸಾಲು. ಎರಡು ಪ್ರತಿ ತೆಗೆದು, ಒಂದರ ಮೇಲೆ ಸ್ವೀಕೃತಿ ಸಹಿ ತಗೋ ತಮ್ಮಾ ಎಂದರು. ಆ ಪತ್ರ ಕೈಗೆ ಬಂದ ಮೇಲೆ ಶಾಲೆಯವರು ಪ್ರಮಾಣಪತ್ರ ಕೊಟ್ಟರು ಎಂದು ಹುಡುಗನೇ ಆಮೇಲೆ ನನಗೆ ಹೇಳಿದ.

ಇಷ್ಟು ಹೊಗಳಿದ ಮೇಲೆ ಅಂಗಡಿಯ ಕುಂದುಗಳನ್ನೂ ಹೇಳಬೇಕು.

ಕಾಗದ ಸರಿ ಬರದ ಝೆರಾಕ್ಸ್ ಪ್ರತಿಗಳನ್ನು ಒಂದು ರಟ್ಟಿನ ಡಬ್ಬಿಗೆ ಹಾಕುತ್ತಿದ್ದರು. ಹಿಂದಿನ ಖಾಲಿ ಪುಟವನ್ನು ಲೆಕ್ಕ ಬರೆಯಲು ಬಳಸುತ್ತಿದ್ದರು. ಒಮ್ಮೆ ನನಗೆ ಬಿಲ್ಲು ಬರೆದುಕೊಟ್ಟ ಹಾಳೆಯ ಹಿಂದೆ ಯಾರದೋ ಆಧಾರ್ ಕಾರ್ಡು ಇತ್ತು, ನಂಬರಿನ ಸಮೇತ. ಇದು ಸಣ್ಣ ತಪ್ಪಲ್ಲ. ಅಲ್ಲೇ ತೋರಿಸಿ ಹೇಳಿದೆ. ಈಗ ಕೆಟ್ಟ ಪ್ರತಿಯನ್ನೂ ನಮ್ಮ ಕೈಗೇ ಕೊಡುತ್ತಾರೆ. ಆದರೆ ಮಾಸ್ತರ ಊಟಕ್ಕೆ ಹೋದಾಗ ಕೂರುವ ಹುಡುಗನಿಗೆ ಇದು ನೆನಪಿರುವುದಿಲ್ಲ. ನೀವೇ ಕೇಳಿ ಇಸಿದುಕೊಳ್ಳಿ.

ಟೈಪಿಂಗ್‌ನಲ್ಲಿ ಒತ್ತಕ್ಷರ ತಪ್ಪುತ್ತವೆ. ನುಡಿ ತಂತ್ರಾಂಶದಲ್ಲಿ ಬರೆದು ಯೂನಿಕೋಡಿಗೆ ಬದಲಿಸುವಾಗ ಅರ್ಕಾವತ್ತು ಎಲ್ಲೋ ಹೋಗಿ ಕೂತಿರುತ್ತದೆ. ನನ್ನ ಹೆಸರಿನಲ್ಲೂ ಹಾಗೇ ಆಗಿತ್ತು. ಕರಡು ಪಟ್ಟಿ ಬಂದಾಗ ಹೆಸರು ಹುಡುಕಲು ಸಿಗದೆ ಒದ್ದಾಡಬೇಕಾಗುತ್ತದೆ. ಪ್ರಿಂಟ್ ತೆಗೆಯುವ ಮುಂಚೆ ಪರದೆ ಮೇಲೆ ಅಕ್ಷರ ಅಕ್ಷರ ಓದಿ. ಆತುರ ಮಾಡಿದರೆ ಮಾಸ್ತರರಿಗೂ ಸಿಟ್ಟು ಬರುತ್ತದೆ, ನಿಧಾನವಾಗಿ ಹೇಳಿದರೆ ಎಷ್ಟು ಸಲ ಬೇಕಾದರೂ ತಿದ್ದಿಕೊಡುತ್ತಾರೆ.

ಮಧ್ಯಾಹ್ನ ಹನ್ನೊಂದರಿಂದ ಎರಡರವರೆಗೆ ವಿಪರೀತ ಜನ. ಪಹಣಿ, ಆದಾಯ ಪ್ರಮಾಣಪತ್ರ, ಬೆಳೆ ವಿಮೆ, ಕಬ್ಬಿನ ಬಿಲ್ಲಿನ ಕಾಗದ, ಎಲ್ಲದಕ್ಕೂ ರೈತರು ಬಂದಿರುತ್ತಾರೆ. ಶಾಲೆ ಬಿಟ್ಟ ಮೇಲೆ, ಐದರ ನಂತರ ಹೋದರೆ ಕೂತು ಮಾತಾಡಿ ಕೆಲಸ ಮಾಡಿಸಿಕೊಳ್ಳಬಹುದು. ಕರೆಂಟ್ ಹೋದರೆ ಕಂಪ್ಯೂಟರಿಗೆ ಯುಪಿಎಸ್ ಇದೆ, ಝೆರಾಕ್ಸ್ ಮಷೀನಿಗೆ ಇಲ್ಲ. ಫೋಟೊ ಚೆನ್ನಾಗಿ ಬರುತ್ತದೆ, ಮುಖ ಅನಾವಶ್ಯಕವಾಗಿ ಬೆಳ್ಳಗೆ ಮಾಡುವುದಿಲ್ಲ. ಗಾಡಿ ನಿಲ್ಲಿಸಲು ಜಾಗ ಇಲ್ಲ.

ಮುಂದಿನ ಸಲಕ್ಕೆ ತಯಾರಿ ಹೇಳಿ ಮುಗಿಸುತ್ತೇನೆ. ವಾಯವ್ಯ ಶಿಕ್ಷಕರ ಕ್ಷೇತ್ರದ ಈಗಿನ ಅವಧಿ 2028ರಲ್ಲಿ ಮುಗಿಯುತ್ತದೆ. ಆರು ವರ್ಷದ ಲೆಕ್ಕ ಹಾಗೇ ನಡೆದರೆ ಪಟ್ಟಿಯ ಕೆಲಸ 2027ರ ಅಕ್ಟೋಬರ್, ನವೆಂಬರ್‌ನಲ್ಲಿ ಬರುತ್ತದೆ. ಪತ್ರಿಕೆಯಲ್ಲಿ ಪ್ರಕಟಣೆ ಬರುವುದನ್ನು ನೋಡುತ್ತಿರಿ. ಅಂಗಡಿಗೆ ಹೋಗುವಾಗ ವೋಟರ್ ಕಾರ್ಡು, ಆಧಾರ್, ನೇಮಕಾತಿ ಆದೇಶ, ಡಿಗ್ರಿ ಪ್ರಮಾಣಪತ್ರ, ಹೆಸರು ಬದಲಾಗಿದ್ದರೆ ಅದರ ಕಾಗದ, ಎರಡು ಫೋಟೊ ತೆಗೆದುಕೊಂಡು ಹೋಗಿ. ಶಾಲೆ ಬದಲಿಸಿದ್ದರೆ ಆರು ವರ್ಷದಲ್ಲಿ ಯಾವ ಶಾಲೆಯಲ್ಲಿ ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ ಇದ್ದಿರಿ ಎಂದು ಮನೆಯಲ್ಲೇ ಬರೆದುಕೊಂಡು ಹೋಗಿ, ಅರ್ಜಿಯಲ್ಲಿ ಅದಕ್ಕೆ ಜಾಗ ಇದೆ. ಸೇವಾ ಪ್ರಮಾಣಪತ್ರಕ್ಕೆ ಹೆಡ್‌ಮಾಸ್ತರರನ್ನು ಮುಂಚೆಯೇ ಕೇಳಿ. ಪಿಟಿ, ಚಿತ್ರಕಲೆ, ಸಂಗೀತ, ವೃತ್ತಿ ಶಿಕ್ಷಣದವರೇ, ಸಹಿಗೆ ಕೂಡಿಸುವಾಗ ನಿಮ್ಮ ಹೆಸರು ಬಿಟ್ಟುಹೋಗಿದೆಯಾ ಎಂದು ಎದ್ದು ಕೇಳಿ. ಕರಡು ಪಟ್ಟಿ ಬಂದ ಮೇಲೆ ಹೆಸರು ನೋಡಿಕೊಳ್ಳಿ, ತಪ್ಪಿದ್ದರೆ ಆಕ್ಷೇಪಣೆ ಕೊಡಲು ದಿನ ಇರುತ್ತದೆ.

ಅಮಾವಾಸ್ಯೆಗೆ ಅಂಗಡಿ ಇರುವುದಿಲ್ಲ. ದೀಪಾವಳಿಗೂ ಎರಡು ದಿನ ಮುಚ್ಚುತ್ತಾರೆ. ಅದಕ್ಕೆ ಮುಂಚೆಯೇ ಹೋಗಿ ಬನ್ನಿ.